ವಾಸನೆ ಬಾರದ ಎಣ್ಣೆ

ನಾನು ಓದು ಬಿಟ್ಟದ್ದು 1976ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಬಿಡಿಸಿದ್ದು ಅಪ್ಪಯ್ಯ. ಅದೇ ವರ್ಷ ಅವರು ತಮ್ಮ ಈಟಿಯನ್ನು ಮನೆಯ ಅಟ್ಟಕ್ಕೆ ಹಾಕಿದರು. ಎರಡಕ್ಕೂ ಕಾರಣ ಒಂದೇ. ಗಂಗೊಳ್ಳಿ ಅಳಿವೆಗೆ ಡೀಸೆಲ್ ಎಂಜಿನ್ನಿನ ಬೋಟುಗಳು ಬರತೊಡಗಿದ್ದವು. "ಇನ್ನ್ ಈಟಿಗೆ ಕೆಲ್ಸ ಇಲ್ಲೆ ಮಗಾ, ನೀನ್ ಎಂಜಿನ್ ಕಲಿ" ಎಂದು ಅಪ್ಪಯ್ಯ ನನ್ನನ್ನು ಬಂದರಿನ ಗ್ಯಾರೇಜೊಂದಕ್ಕೆ ಬಿಟ್ಟು ಬಂದರು. ಅವತ್ತು ಹಿಡಿದ ಸ್ಪ್ಯಾನರು ಇವತ್ತಿಗೂ ಕೈಯಲ್ಲಿದೆ. ಗಂಗೊಳ್ಳಿಯಿಂದ ಬೊಂಬಾಯಿ, ಅಲ್ಲಿಂದ ಮಸ್ಕತ್ತು, ಅಮೆರಿಕದಲ್ಲಿ ನರ್ಸ್ ಆಗಿದ್ದ ನನ್ನ ಒಡಹುಟ್ಟಿದ ಲಲಿತಕ್ಕ ಹಾಕಿದ ವೀಸಾ ಅರ್ಜಿಯ ಪುಣ್ಯದಿಂದ ಕೊನೆಗೆ ಡೆಟ್ರಾಯಿಟ್. ಹೋದ ಕಡೆಯೆಲ್ಲ ದುಡಿದೇ ತಿಂದವನು ನಾನು. ಇಲ್ಲಿನ ಕನ್ನಡ ಕೂಟದಲ್ಲಿ ಎಂಜಿನಿಯರುಗಳು, ಡಾಕ್ಟರುಗಳು "ನಿಮ್ಮದು ಯಾವ ಕಾಲೇಜು?" ಎಂದು ಕೇಳಿದರೆ "ಗಂಗೊಳ್ಳಿ ಬಂದರು" ಎನ್ನುತ್ತೇನೆ. ನಗುತ್ತಾರೆ. ಆಮೇಲೆ ತಮ್ಮ ಕಾರಿನಲ್ಲಿ ಏನೋ ಸದ್ದು ಬರುತ್ತಿದೆ ಎಂದು ನನ್ನನ್ನೇ ಪಾರ್ಕಿಂಗಿಗೆ ಕರೆದುಕೊಂಡು ಹೋಗುತ್ತಾರೆ.

ಈಟಿಯ ವಿಷಯ ಹೇಳಬೇಕು. ಡಾಲ್ಫಿನ್ನಿಗೆ ನಮ್ಮ ಮನೆಯಲ್ಲಿ ಕಡಲಹಂದಿ ಎನ್ನುತ್ತಿದ್ದೆವು. ಅಪ್ಪಯ್ಯನ ಈಟಿ ಅದಕ್ಕಾಗಿಯೇ ಇದ್ದದ್ದು. ಬಿದಿರಿನ ಹಿಡಿ, ಕಬ್ಬಿಣದ ಮೊನೆ, ಹಿಂದೆ ಉದ್ದದ ತೆಂಗಿನ ಹಗ್ಗ. ಮಾಂಸ ಒಂದಿಷ್ಟು ಮನೆಗೆ, ಉಳಿದದ್ದು ತಾಟೆ, ಅಂದರೆ ಶಾರ್ಕ್ ಮೀನಿನ ಗಾಳಕ್ಕೆ. ಕೊಬ್ಬನ್ನು ಹಂಡೆಯಲ್ಲಿ ಕಾಯಿಸಿ ಎಣ್ಣೆ ತೆಗೆದು ದೋಣಿಗೆ ಬಳಿಯುತ್ತಿದ್ದರು. ಆ ಎಣ್ಣೆ ಕುಡಿದ ಮರಕ್ಕೆ ಉಪ್ಪುನೀರು ಏನೂ ಮಾಡುತ್ತಿರಲಿಲ್ಲ. ಆದರೆ ಅದರ ವಾಸನೆ! ಎಣ್ಣೆ ಕಾಯಿಸಿದ ವಾರವೆಲ್ಲ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಕಡಲಹಂದಿಗೆ ಈಟಿ ಎಸೆದವನು ಅಂದು ಉಣ್ಣುವಂತಿಲ್ಲ. ಮನೆಯವರೆಲ್ಲ ಉಂಡರೂ ಅಪ್ಪಯ್ಯ ಜಗಲಿಯಲ್ಲಿ ನೀರು ಕುಡಿದು ಕೂತಿರುತ್ತಿದ್ದರು. ಸುಸ್ತಾಗಿದ್ದಾರೆ ಎಂದುಕೊಂಡು ನಾನೊಮ್ಮೆ ತಟ್ಟೆ ಹಿಡಿದು ಹೋದಾಗ ಅಬ್ಬಿ, ನನ್ನ ತಾಯಿ, ತಡೆದಿದ್ದಳು. "ಇವತ್ತ್ ಅವ್ರಿಗೆ ಬಡ್ಸುಕಿಲ್ಲೆ" ಎಂದಳು. ಏಕೆ ಎಂದು ಕೇಳಿದ್ದಕ್ಕೆ, "ಅವ್ರ ಅಪ್ಪನೂ ಹಾಂಗೇ ಕೂತಿದ್ದ್" ಎಂದಷ್ಟೇ ಹೇಳಿದಳು.

ಈ ಮಾರ್ಚಿನಲ್ಲಿ, 2009ರ ಮಾರ್ಚಿನಲ್ಲಿ, ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದ ಒಂದು ಬೆಳಿಗ್ಗೆ, ಅರವತ್ತೆಂಟರ ಮಾಡೆಲ್ಲಿನ ಕಾರೊಂದನ್ನು ನನ್ನ ಗ್ಯಾರೇಜಿಗೆ ಎಳೆದು ತಂದರು. ಸತ್ತುಹೋದ ತಾತನ ಕಾರು, ಮೊಮ್ಮಗ ಓಡಿಸಿ ನೋಡಬೇಕಂತೆ. ಅದರ ಗೇರ್‌ಬಾಕ್ಸಿನ ತಳ ಬಿಚ್ಚಿದೆ. ಎಷ್ಟೋ ವರ್ಷದ ಎಣ್ಣೆ, ಕಂದು ಬಣ್ಣಕ್ಕೆ ತಿರುಗಿ, ಬೆಲ್ಲದ ಪಾಕದ ಹಾಗೆ ತಟ್ಟೆಗೆ ಇಳಿಯಿತು. ಬಗ್ಗಿ ಮೂಸಿದೆ. ಸುಟ್ಟ ವಾಸನೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಹಾಗೆ ಮೂಸಿದ ಕೂಡಲೇ 1999ರ ಬೇಸಿಗೆ ಬಂದು ಎದುರಿಗೆ ನಿಂತಿತು.

ಆ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ ಬಂದರು. ಅಬ್ಬಿ ತೀರಿಕೊಂಡು ವರ್ಷವಾಗಿತ್ತು. ಅಕ್ಟೋಬರಿಗೆ ವಾಪಸು ಟಿಕೆಟ್. ಎರಡೂ ಮಂಡಿಯ ನೋವು, ಎದೆಯಲ್ಲೊಂದು ತೊಂದರೆ. "ಇದ್ ಒಂದೇ ಸಲ ಕಾಣ್, ಇನ್ನ್ ಬತ್ತಿಲ್ಲೆ" ಎಂದು ವಿಮಾನ ನಿಲ್ದಾಣದಲ್ಲೇ ಹೇಳಿಬಿಟ್ಟರು. ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಆಗ ನಮ್ಮದು ಎರಡು ಕೋಣೆಯ ಅಪಾರ್ಟ್‌ಮೆಂಟು. ಮಗಳು ಅಶ್ವಿನಿ, ಹನ್ನೊಂದು ವರ್ಷದವಳು, ತನ್ನ ಕೋಣೆಯನ್ನು ಅಜ್ಜಯ್ಯನಿಗೆ ಬಿಟ್ಟುಕೊಟ್ಟು ಹಾಲಿನ ಸೋಫಾಕ್ಕೆ ಬಂದಳು. ಅದಕ್ಕೆ ಅವಳಿಗೆ ಸಂತೋಷವೇ. ಅವಳ ಮಂಚದ ಎದುರಿನ ಗೋಡೆಯಲ್ಲಿ ನೀರಿನಿಂದ ಮೇಲಕ್ಕೆ ಹಾರುತ್ತಿರುವ ತಿಮಿಂಗಿಲದ ದೊಡ್ಡ ಚಿತ್ರವೊಂದಿತ್ತು. ಅವಳ ಶಾಲೆಯ ಮಕ್ಕಳೆಲ್ಲ ಸೇರಿ ಕೇಕು ಮಾರಿ, ಬಂದ ದುಡ್ಡನ್ನು ಎಲ್ಲಿಗೋ ಕಳಿಸಿ, ಒಂದು ತಿಮಿಂಗಿಲವನ್ನು ದತ್ತು ತೆಗೆದುಕೊಂಡಿದ್ದರು. ಅದಕ್ಕೊಂದು ಹೆಸರೂ ಇತ್ತು.

ಮೊದಲ ದಿನ ಬೆಳಿಗ್ಗೆ ಅಪ್ಪಯ್ಯ ಕೋಣೆಯಿಂದ ಹೊರಗೆ ಬಂದವರೇ, "ಎಂತ ಮಾರಾಯ್ತಿ, ನಿನ್ನ್ ಮೀನ್ ನನ್ನನ್ನೇ ಕಾಣ್ತಾ ಇತ್ತಲೆ!" ಎಂದರು.

ಅಶ್ವಿನಿ ನಕ್ಕು, ಅದು ಮೀನಲ್ಲ ಅಜ್ಜಯ್ಯ ಎಂದು ಇಂಗ್ಲಿಷಿನಲ್ಲಿ ತಿದ್ದಿದಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅದನ್ನು ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಅಪ್ಪಯ್ಯ ತಲೆಯಾಡಿಸಿದರು. "ಹೌದೆ, ನಂಗ್ ಗೊತ್ತಿತ್ತ್. ಅದ್ ಹಾಲ್ ಕೊಡ್ತ್. ಕಡಲಹಂದಿಯೂ ಹಾಂಗೇ. ನಾವ್ ಬದ್ಕಿದ್ದೇ ಅವ್ರ ಒಟ್ಟಿಗ್ ಅಲ್ದಾ."

ಆ ಒಂದು ಮಾತು ಸಾಕಾಯಿತು. ತನ್ನ ಅಜ್ಜ ಡಾಲ್ಫಿನ್ನುಗಳ ಜೊತೆ ಬದುಕಿದವರು ಎಂದು ಅಶ್ವಿನಿ ಕ್ಲಾಸಿಗೆಲ್ಲ ಹೇಳಿದಳು. ಒಟ್ಟಿಗೆ ಬದುಕುವುದು ಎಂದರೆ ಅವಳ ಮನಸ್ಸಿನಲ್ಲಿ ಒಂದೇ ಅರ್ಥ. ನಮ್ಮ ಕಡಲಿನಲ್ಲಿ ಅದಕ್ಕೆ ಬೇರೆ ಅರ್ಥವೂ ಇದೆ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಶಾಲೆಗೆ ರಜೆ ಬರುವ ಮುಂಚೆ ಅಜ್ಜ ಅಜ್ಜಿಯರನ್ನು ಕ್ಲಾಸಿಗೆ ಕರೆಯುವ ಒಂದು ದಿನವಿತ್ತು. ಪ್ಯಾಂಟು ಹಾಕಿಕೊಳ್ಳಿ ಎಂದು ನನ್ನ ಹೆಂಡತಿ ಶಾರದಾ ಎಷ್ಟು ಹೇಳಿದರೂ ಅಪ್ಪಯ್ಯ ಕೇಳಲಿಲ್ಲ. ಬಿಳಿ ಪಂಚೆ, ಬಿಳಿ ಅಂಗಿ, ಮೇಲೆ ಲಲಿತಕ್ಕ ಕೊಟ್ಟ ದಪ್ಪ ಜಾಕೆಟ್ಟು. ಮಾತು ತಿರುಗಿಸಿ ಹೇಳುವುದಕ್ಕೆ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಕ್ಲಾಸಿನ ಗೋಡೆಗೆ ಮಕ್ಕಳೇ ಬರೆದ ತಿಮಿಂಗಿಲ ಬೇಟೆಯ ಕಥೆ ಅಂಟಿಸಿತ್ತು. ಮೊದಲು ಈಟಿ ಹಿಡಿದವರು ಹುಟ್ಟು ಹಾಕಿ ನಡೆಸುತ್ತಿದ್ದ ದೋಣಿಗಳು. ತಿಮಿಂಗಿಲದ ಎಣ್ಣೆಯಲ್ಲಿ ಉರಿಯುತ್ತಿದ್ದ ದೀಪಗಳು. ಸೀಮೆಎಣ್ಣೆ ಬಂದ ಮೇಲೆ ತಿಮಿಂಗಿಲಕ್ಕೆ ತುಸು ಬಿಡುವು. ಆಮೇಲೆ ತೋಪಿನಿಂದ ಈಟಿ ಹಾರಿಸುವ ಹಡಗುಗಳು, ಸಮುದ್ರದ ಮೇಲೆಯೇ ಕೊಯ್ದು ಕಾಯಿಸುವ ಕಾರ್ಖಾನೆ ಹಡಗುಗಳು. ಕೊನೆಯ ಹಾಳೆಯಲ್ಲಿ ಬೋರ್ಡು ಹಿಡಿದು ಬೀದಿಯಲ್ಲಿ ನಿಂತ ಜನ. ನನ್ನ ಅಪ್ಪಯ್ಯನ ಕಸುಬಿನ ಚರಿತ್ರೆ ಇಷ್ಟು ಉದ್ದವಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಒಬ್ಬ ಅಜ್ಜಿ ಹೊಲಿದ ಕೌದಿ ತೋರಿಸಿದರು. ಒಬ್ಬ ಅಜ್ಜ ಯುದ್ಧದ ಕಥೆ ಹೇಳಿದರು. ಆಮೇಲೆ ಅಪ್ಪಯ್ಯ. ಎದ್ದು ಹೋಗಿ ಚಾಕ್‌ಪೀಸು ಕೇಳಿ ಪಡೆದು ಬೋರ್ಡಿನ ಮೇಲೆ ದೋಣಿ ಬರೆದರು, ಅಲೆ ಬರೆದರು, ಅಲೆಯ ಮೇಲೊಂದು ಬಾಗಿದ ಬೆನ್ನು ಬರೆದರು. ಕಡಲಹಂದಿ ಉಸಿರು ಬಿಡುವ ಸದ್ದನ್ನು ಬಾಯಿಯಲ್ಲಿ "ಫುಶ್ಶ್" ಎಂದು ಮಾಡಿ ತೋರಿಸಿದರು. ಮಕ್ಕಳೆಲ್ಲ ಸೇರಿ ಫುಶ್ಶ್ ಫುಶ್ಶ್ ಎಂದು ಕ್ಲಾಸನ್ನೇ ಕಡಲು ಮಾಡಿದವು. ಅಶ್ವಿನಿಯ ಮುಖ ನೋಡಬೇಕಿತ್ತು. ಆಗ ಮುಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿ ಕೇಳಿದ, ನಿಮ್ಮ ಡಾಲ್ಫಿನ್ನುಗಳಿಗೆ ನೀವು ಏನೇನು ಹೆಸರು ಇಟ್ಟಿದ್ದಿರಿ?

"ಎಂತ ಕೇಂತ ಆ ಮಾಣಿ?" ಎಂದು ಅಪ್ಪಯ್ಯ ನನ್ನ ಕಡೆ ತಿರುಗಿದರು. ಹೇಳಿದೆ.

ಅಪ್ಪಯ್ಯನಿಗೆ ನಗು ಬಂತು. "ಹೆಸ್ರಾ? ಹೆಸ್ರ್ ಇಟ್ರೆ ಹೊಡುಕಾತ್ತಾ?"

ನಾನು ಬಾಯಿ ತೆರೆದು ಹಾಗೆಯೇ ನಿಂತೆ. ಹೆಸರು ಇಡಲಿಲ್ಲವಂತೆ ಎಂದು ಹೇಳಿ ಮುಗಿಸಬಹುದಿತ್ತು. ಅದೂ ನಿಜವೇ. ಹಿಂದಿನ ಸಾಲಿನಲ್ಲಿ ಅಶ್ವಿನಿಗೆ ಕನ್ನಡ ಅರ್ಥವಾಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಅಪ್ಪಯ್ಯನೂ ನನ್ನನ್ನೇ ನೋಡುತ್ತಿದ್ದರು. ನನ್ನ ತಡವರಿಕೆ ಅವರಿಗೆ ತಿಳಿಯಿತು. "ನಾ ಹೇಳಿದ್ದನ್ನೇ ಹೇಳ್ ಮಗಾ, ಕಡ್ಮೆ ಮಾಡ್ಬೇಡ" ಎಂದರು.

ಹೇಳಿದೆ. ಹೊಡೆಯುವುದಕ್ಕೆ, ತಿನ್ನುವುದಕ್ಕೆ, ದೋಣಿಗೆ ಎಣ್ಣೆ ಬಳಿಯುವುದಕ್ಕೆ ಎಂದು ಇದ್ದದ್ದನ್ನೆಲ್ಲ ಹೇಳಿದೆ. ಅಪ್ಪಯ್ಯ ನಮ್ಮನ್ನು ಸಾಕಿದ್ದು ಆ ಕೆಲಸದಲ್ಲಿ. ಅದನ್ನು ಮುಚ್ಚಿಟ್ಟರೆ ನಾಚಿಕೊಂಡ ಹಾಗಾಗುತ್ತಿತ್ತು, ನನಗೆ ಅದರಲ್ಲಿ ನಾಚಿಕೆಯಿರಲಿಲ್ಲ. ಎರಡು ಜಡೆಯ ಒಂದು ಹುಡುಗಿ ಅಳತೊಡಗಿತು. ಟೀಚರಮ್ಮ ಒಳ್ಳೆಯವರು. ಆ ಕಾಲ ಬೇರೆ ಮಕ್ಕಳೇ, ನಿಜ ಹೇಳಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳೋಣ ಎಂದರು. ನಾಲ್ಕು ಕೈಗಳು ಚಪ್ಪಾಳೆ ಹೊಡೆದವು.

ಕಾರಿನಲ್ಲಿ ಅಶ್ವಿನಿ ಒಂದೇ ಮಾತು ಆಡಿದ್ದು, ನನಗೆ. "ನೀನು ಸುಮ್ಮನೆ ಹೆಸರು ಇಟ್ಟಿಲ್ಲ ಅಂತ ಹೇಳಬಹುದಿತ್ತು ಡ್ಯಾಡ್." ಮನೆಗೆ ಬಂದವಳೇ ಅಜ್ಜಯ್ಯ ಮಲಗುವ ಕೋಣೆಗೆ ಹೋಗಿ, ಗೋಡೆಯ ನಾಲ್ಕು ಪಿನ್ನು ಕಿತ್ತು, ತಿಮಿಂಗಿಲದ ಚಿತ್ರವನ್ನು ಸುರುಳಿ ಸುತ್ತಿ ಹೊರಗೆ ತಂದಳು. ಅವರು ಇದನ್ನು ನೋಡುತ್ತಾ ಮಲಗುವುದು ಬೇಡ ಎಂದು ಅಮ್ಮನಿಗೆ ಹೇಳಿದಳು. ಅಪ್ಪಯ್ಯ ಬಾಗಿಲಲ್ಲೇ ನಿಂತಿದ್ದರು. ಇಂಗ್ಲಿಷು ಬಾರದವರಿಗೂ ಅದು ಅರ್ಥವಾಗುವಂಥದ್ದೇ.

ಅವತ್ತಿನಿಂದ ಅವಳು ಅಜ್ಜನ ಜೊತೆ ಮಾತು ಬಿಟ್ಟಳು. ಕೇಳಿದರೆ ಉತ್ತರವಿಲ್ಲ, ಕರೆದರೆ ಬರುವುದಿಲ್ಲ. ಶಾರದಾ ಗದರಿದಳು. ಲಲಿತಕ್ಕ ಫೋನಿನಲ್ಲಿ ಬುದ್ಧಿ ಹೇಳಿದಳು. ನಾನೊಮ್ಮೆ ಕೂಗಾಡಿದೆ. ಅವಳ ಮೌನ ಇನ್ನೂ ಗಟ್ಟಿಯಾಯಿತು. ಹಠದಲ್ಲಿ ನನ್ನ ಮಗಳೇ ತಾನೆ. ಅಪ್ಪಯ್ಯನಿಗೆ ಕೋಪ ಬರಲಿಲ್ಲ. ಒಂದು ದಿನ ಕಾರಿನಲ್ಲಿ ನನ್ನನ್ನು ಕೇಳಿದರು. "ಆ ಹೆಣ್ಣ್ ಹೇಳುದ್ ತಪ್ಪಲ್ಲ. ನಾ ಮಾಡಿದ್ದೂ ತಪ್ಪಲ್ಲ. ಮತ್ತೆ ಎಂತಕ್ಕೆ ಮಗಾ ಮಾತಿಲ್ಲೆ?" ಅಕ್ಟೋಬರ್ ಹತ್ತಿರ ಬರುತ್ತಿತ್ತು. ಹೀಗೇ ಅವರು ವಿಮಾನ ಹತ್ತಿಬಿಟ್ಟರೆ ಆ ಮೌನ ಕೊನೆಯವರೆಗೂ ಹಾಗೇ ಉಳಿಯುತ್ತದೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಜುಲೈ ಬಂತು. ತೊಂಬತ್ತರ ಮೇಲೆ ಫ್ಯಾರನ್‌ಹೀಟು, ಗಾಳಿ ನಿಂತುಹೋದ ಸೆಕೆ, ಮಧ್ಯಾಹ್ನಕ್ಕೊಂದು ಗುಡುಗು. ಶಾರದಾ ದಿನಸಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಗೆ ರಜೆ. ಅಜ್ಜ ಮೊಮ್ಮಗಳನ್ನು ಮನೆಯಲ್ಲಿ ಬಿಟ್ಟರೆ ಇಬ್ಬರೂ ಎರಡು ಗೋಡೆ ನೋಡುತ್ತಾ ಕೂರುತ್ತಾರೆಂದು ನಾನು ಅವರನ್ನು ಗ್ಯಾರೇಜಿಗೆ ಕರೆತರುತ್ತಿದ್ದೆ. ಸೌತ್‌ಫೀಲ್ಡಿನ ಆಫೀಸು ಗೋಪುರಗಳ ಬೆನ್ನಿಗಿದ್ದ ಆ ಗ್ಯಾರೇಜು ಆಗ ಡೇಲ್ ಎಂಬವರದ್ದು. ಬರೀ ಗೇರ್‌ಬಾಕ್ಸ್ ರಿಪೇರಿ. ಡೇಲ್‌ಗೆ ಅರವತ್ತು ದಾಟಿತ್ತು. ಮುಂಚೆ ಕಾರಿನ ಕಾರ್ಖಾನೆಯಲ್ಲಿ ದುಡಿದವರು. ಅಪ್ಪಯ್ಯ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಬೋಲ್ಟುಗಳನ್ನು ಒರೆಸಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅಶ್ವಿನಿ ಆಫೀಸಿನ ಫ್ಯಾನಿನ ಕೆಳಗೆ ಪುಸ್ತಕ ಓದುತ್ತಿದ್ದಳು.

ಈ ಇಬ್ಬರ ನಡುವೆ ಏನಾಗಿದೆ ಎಂದು ಡೇಲ್ ಕೇಳಿದರು. ಹೇಳಿದೆ. ಅವರು ಕೈ ಒರೆಸಿಕೊಂಡು ಹಿಂದಿನ ಕಪಾಟಿಗೆ ಹೋಗಿ, ಧೂಳು ಹಿಡಿದ ಒಂದು ತಗಡಿನ ಡಬ್ಬಿ ತಂದು ಅಶ್ವಿನಿಯ ಎದುರಿಗೆ ಇಟ್ಟರು. "ಇದು ಏನು ಹೇಳು ನೋಡೋಣ" ಎಂದರು.

ಕಾರಿನ ಎಣ್ಣೆ ಎಂದಳು.

"ತಿಮಿಂಗಿಲ" ಎಂದರು ಡೇಲ್.

ತಮಾಷೆ ಎಂದುಕೊಂಡಳು. ಡೇಲ್ ತಮಾಷೆ ಮಾಡುತ್ತಿರಲಿಲ್ಲ. ಎಪ್ಪತ್ತರ ದಶಕ ಶುರುವಾಗುವವರೆಗೆ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಎಣ್ಣೆಗೆ ತಿಮಿಂಗಿಲದ ತಲೆಯಿಂದ ತೆಗೆದ ಎಣ್ಣೆಯನ್ನು ಒಂದಿಷ್ಟು ಬೆರೆಸುತ್ತಿದ್ದರು. ಎಷ್ಟು ಬಿಸಿಯಾದರೂ ಅದು ಕೆಡುತ್ತಿರಲಿಲ್ಲ. ಆಮೇಲೆ ಕಾನೂನು ಬಂತು. "ನಾವೆಲ್ಲ ಬೈದುಕೊಂಡೆವು. ಹೊಸ ಎಣ್ಣೆ ಸರಿಯಿಲ್ಲ, ಗೇರ್‌ಬಾಕ್ಸ್ ಕೆಡುತ್ತದೆ ಅಂತ ಬೈದೆವು. ಹತ್ತು ವರ್ಷ ಕಳೆದ ಮೇಲೆ ನೋಡಿದರೆ ನಾವೇ ನಮ್ಮ ಕಾರಿನ ಹಿಂದೆ ತಿಮಿಂಗಿಲ ಉಳಿಸಿ ಅಂತ ಸ್ಟಿಕ್ಕರ್ ಅಂಟಿಸಿದ್ದೆವು. ಒಳಗೆ ಅದರದ್ದೇ ಎಣ್ಣೆ ಇನ್ನೂ ಇದ್ದಿರಬಹುದು" ಎಂದು ಡೇಲ್ ನಕ್ಕರು.

ನಿಮಗೆ ಬೇಜಾರಾಗಲಿಲ್ಲವಾ ಎಂದು ಅಶ್ವಿನಿ ಕೇಳಿದಳು.

"ಡಬ್ಬಿಯ ಮೇಲೆ ತಿಮಿಂಗಿಲದ ಚಿತ್ರ ಇರಲಿಲ್ಲ ಮಗು."

ಅಪ್ಪಯ್ಯನಿಗೆ ನಾನು ವಿಷಯ ಹೇಳಿದೆ. ಬೋಲ್ಟು ಕೆಳಗಿಟ್ಟು ಎದ್ದು ಬಂದರು. ಡಬ್ಬಿಯ ಮುಚ್ಚಳ ತೆಗೆಸಿ, ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದರು. ಹಂಡೆಗಟ್ಟಲೆ ಎಣ್ಣೆ ಕಾಯಿಸಿದವರು, ಮೂಸಿದ ಕೂಡಲೇ ಗುರುತು ಹಿಡಿಯುತ್ತಾರೆಂದು ನಾವೆಲ್ಲ ಕಾದೆವು. ಇನ್ನೊಮ್ಮೆ ಮೂಸಿದರು. ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಇಲ್ಲೆ ಮಾರಾಯ, ಎಂತದೂ ಗೊತ್ತಾತಿಲ್ಲೆ. ವಾಸ್ನೆಯೇ ಇಲ್ಲೆ." "ವಾಸ್ನೆ ಎಲ್ಲ ಹೊಡ್ದವ್ನ ಮನೆಯೊಳ್ಗೇ ಉಳ್ಕಂತ್ ಕಾಣತ್ತ್. ಕಾರೊಳ್ಗೆ ಕೂತವ್ರಿಗೆ ಬಪ್ಪುದಿಲ್ಲೆ" ಎಂದರು.

ಅವರು ಪೆಟ್ಟಿಗೆಗೆ ವಾಪಸು ಹೋದ ಮೇಲೆ ಅಶ್ವಿನಿಯೂ ಡಬ್ಬಿಗೆ ಬಗ್ಗಿದ್ದನ್ನು ನಾನು ಕಾರಿನ ಕೆಳಗಿನಿಂದ ನೋಡಿದೆ.

ಸೆಪ್ಟೆಂಬರ್ ಮೊದಲ ವಾರದ ಮೂರು ದಿನದ ರಜೆಗೆ ಚಿಕಾಗೋ ಹತ್ತಿರದ ನೇಪರ್‌ವಿಲ್‌ಗೆ ಹೋದೆವು. ಮೈಸೂರಿನ ರಘು ಅಲ್ಲಿದ್ದರು. ಒಮ್ಮೆ ಅವರ ಕಾರು ಡೆಟ್ರಾಯಿಟ್ ಹತ್ತಿರ ಹೈವೇಯಲ್ಲಿ ಕೆಟ್ಟು ನಿಂತಾಗ ಪರಿಚಯವಾಗಿ, ಆಮೇಲೆ ಬಿಡದ ಸ್ನೇಹವಾಗಿತ್ತು. ದೊಡ್ಡ ಮನೆ, ದೊಡ್ಡ ಬಾಯಿ, ಒಳ್ಳೆಯ ಮನಸ್ಸು. ಐದು ಗಂಟೆ ಡ್ರೈವ್ ಮಾಡಿ ಇಳಿಯುವಷ್ಟರಲ್ಲೇ ಬಾಗಿಲಿಗೆ ಬಂದು ಶುರು ಮಾಡಿದರು.

"ಬನ್ನಿ ಬನ್ನಿ ಯಜಮಾನ್ರೇ! ನಾಳೆ ನಿಮ್ಮ ಹಳೇ ದೋಸ್ತ್‌ಗಳನ್ನ ತೋರಿಸ್ಕೊಂಡು ಬರ್ತೀನಿ. ಚಿಕಾಗೋದಲ್ಲಿ ಡಾಲ್ಫಿನ್ ಶೋ, ಎಲ್ಲರಿಗೂ ಟಿಕೆಟ್ ಬುಕ್ ಮಾಡಿದೀನಿ. ಆದ್ರೆ ಒಂದು ಕಂಡೀಷನ್ನು, ಈಟಿ ತರೋ ಹಾಗಿಲ್ಲ!"

ಶಾರದಾ ನನ್ನ ಕಡೆ ಕಣ್ಣು ಬಿಟ್ಟಳು. ನನ್ನ ಬಾಯಿಂದ ಹೋದ ವಿಷಯವೇ ಅದು. ಅಪ್ಪಯ್ಯ ಮಾತ್ರ ನಕ್ಕು, "ಈಟಿ ಅಟ್ಟದ್ ಮೇಲೆ ಇತ್ತ್. ನೀವ್ ಹೆದ್ರಬೇಡಿ" ಎಂದರು.

ಶೋ ಚೆನ್ನಾಗಿತ್ತು. ಚೆನ್ನಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಗೀತ, ಬಣ್ಣದ ದೀಪ, ಡಾಲ್ಫಿನ್ನುಗಳು ಜೋಡಿಯಾಗಿ ಮೇಲಕ್ಕೆ ಹಾರಿ ಬೀಳುವುದು, ಮುಂದಿನ ಸಾಲಿನವರ ಮೇಲೆ ನೀರು. ಅಶ್ವಿನಿ ನೆನೆದು ತೊಪ್ಪೆಯಾಗಿ ಕಿರುಚುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು. ಅಪ್ಪಯ್ಯನೂ ಎರಡು ಕೈ ಎತ್ತಿ ಚಪ್ಪಾಳೆ ಹೊಡೆದರು. "ಅಬ್ಬ, ಎಷ್ಟ್ ಎತ್ರ!" ಎಂದರು. ಶೋ ಮುಗಿದ ಮೇಲೆ ಕೆಳಗಿನ ಅಂತಸ್ತಿನಲ್ಲಿ ಗಾಜಿನ ಗೋಡೆಯ ಹತ್ತಿರ ನಿಂತು ನೀರಿನೊಳಗೆ ನೋಡಬಹುದಿತ್ತು. ಎಲ್ಲರೂ ನೋಡಿ ಐಸ್‌ಕ್ರೀಮಿನ ಕಡೆ ಹೋದರು. ಅಪ್ಪಯ್ಯ ಹೋಗಲಿಲ್ಲ. ಒಂದು ಡಾಲ್ಫಿನ್ ಗಾಜಿನ ಉದ್ದಕ್ಕೂ ಹೋಗುತ್ತಿತ್ತು, ಮರೆಯಾಗುತ್ತಿತ್ತು, ಅದೇ ಕಡೆಯಿಂದ ಮತ್ತೆ ಬರುತ್ತಿತ್ತು. ಅಪ್ಪಯ್ಯನ ತಲೆ ಅದರ ಜೊತೆಗೆ ಆಚೆ ಈಚೆ ತಿರುಗುತ್ತಿತ್ತು.

"ಇದ್ ಸುತ್ತ್ ಮುಗ್ಸಿ ಎಲ್ಲಿಗ್ ಹೋತ್ತ್ ಮಗಾ?"

"ಎಲ್ಲಿಗೂ ಇಲ್ಲ ಅಪ್ಪಯ್ಯ. ಇಲ್ಲೇ."

"ಓ" ಎಂದರು.

ಸಂಜೆ ರಘು ಅವರ ಮನೆಯಲ್ಲಿ ಊಟ. ಅವರ ಹೆಂಡತಿ ವಸಂತಾ ಬಿಸಿಬೇಳೆ ಬಾತು, ಸಂಡಿಗೆ, ಹೆಸರುಬೇಳೆ ಪಾಯಸ ಮಾಡಿದ್ದರು. ಎಲ್ಲರೂ ಕೂತೆವು. ಅಪ್ಪಯ್ಯ ತಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, "ನಂಗ್ ಇವತ್ತ್ ಬ್ಯಾಡ ಅಮ್ಮ. ಒಂದ್ ಲೋಟ ನೀರ್ ಕೊಡಿ, ಸಾಕ್" ಎಂದರು.

"ಯಾಕೆ ಅಂಕಲ್, ಹುಷಾರಿಲ್ವಾ? ಖಾರ ಕಮ್ಮಿ ಹಾಕಿದೀನಿ. ಮೊಸರನ್ನ ಆದ್ರೂ ಕಲಸ್ಕೊಡ್ಲಾ?" ವಸಂತಾ ಗಾಬರಿಯಾದರು.

"ಏನ್ ಯಜಮಾನ್ರೇ, ಮೀನಿಲ್ಲ ಅಂತ ಸತ್ಯಾಗ್ರಹಾನಾ?" ಎಂದರು ರಘು. ಎಲ್ಲರೂ ನಕ್ಕರು. ಅಪ್ಪಯ್ಯನೂ ನಕ್ಕರು, ನೀರಿನ ಲೋಟ ಹಿಡಿದು ಹೊರಗಿನ ಮೆಟ್ಟಿಲಿಗೆ ಹೋಗಿ ಕೂತರು. ನಮ್ಮೂರ ಜಗಲಿಯಲ್ಲಿ 1976ರ ಮುಂಚೆ ಹೇಗೆ ಕೂರುತ್ತಿದ್ದರೋ ಹಾಗೇ.

ಅಜ್ಜಯ್ಯನಿಗೆ ಏನಾಗಿದೆ ಎಂದು ಅಶ್ವಿನಿ ಪಿಸುಗುಟ್ಟಿ ಕೇಳಿದಳು. ತಿಂಗಳುಗಳ ಮೇಲೆ ಅವಳ ಬಾಯಲ್ಲಿ ಅಜ್ಜಯ್ಯ ಎಂಬ ಮಾತು. ಅವಳನ್ನು ಅಡುಗೆಮನೆಗೆ ಕರೆದು ಆ ಕಟ್ಟಳೆಯ ವಿಷಯ ಹೇಳಿದೆ. ಹುಬ್ಬು ಗಂಟಿಕ್ಕಿದಳು. ಆದರೆ ಇವತ್ತು ಅವರು ಏನನ್ನೂ ಕೊಲ್ಲಲಿಲ್ಲವಲ್ಲ ಎಂದಳು.

"ಅದನ್ನ ಅವರನ್ನೇ ಕೇಳು" ಎಂದೆ.

ನಿಂತಳು, ಯೋಚಿಸಿದಳು, ಹೋದಳು. ನಾನು ಜಾಲರಿ ಬಾಗಿಲಿನ ಒಳಗಡೆಯೇ ಉಳಿದೆ. ಹೊತ್ತು ಮುಳುಗುತ್ತಿತ್ತು. ಪಕ್ಕದ ಮನೆಯವರು ಹುಲ್ಲು ಕತ್ತರಿಸಿದ್ದ ಹಸಿ ವಾಸನೆ. ಅವಳು ಮೆಟ್ಟಿಲ ಮೇಲೆ ತುಸು ದೂರದಲ್ಲಿ ಕೂತು, ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ ಕೇಳಿದಳು.

"ಅಜ್ಜಯ್ಯ, ನೀವು ಯಾಕೆ ಊಟ ಮಾಡಲ್ಲ? ಇವತ್ತು ನೀವು ಹೊಡೆದಿಲ್ಲ."

"ಹೊಡಿಲಿಲ್ಲೆ" ಎಂದರು ಅಪ್ಪಯ್ಯ. "ಕೂಕಂಡ್ ಚಪ್ಪಾಳೆ ಹೊಡ್ದೆ ಅಲ್ದಾ. ಅದ್ ಎಲ್ಲಿಗೂ ಹೋಪುಕಿಲ್ಲ ಅಂತ ಗೊತ್ತಿರ್ಲಿಲ್ಲೆ."

ಅಶ್ವಿನಿ ತನ್ನ ಒದ್ದೆ ಬೂಟು ನೋಡುತ್ತಾ ಕೂತಳು. "ನಾನೂ ಹೊಡೆದೆ" ಎಂದಳು. "ಚಪ್ಪಾಳೆ."

"ಅಡ್ಡಿಲ್ಲೆ. ಚಿಕ್ಕವ್ರಿಗೆ ಆ ಕಟ್ಲೆ ಇಲ್ಲೆ. ಹೋಯ್ ಉಣ್, ಪಾಯ್ಸ ತಣಿತ್ತ್."

ಅವಳು ಏಳಲಿಲ್ಲ. ನಿಮಗೆ ಆಗ ಪಾಪ ಅನ್ನಿಸುತ್ತಿರಲಿಲ್ಲವಾ ಎಂದು ಇನ್ನೊಂದು ಪ್ರಶ್ನೆ ಕೇಳಿದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಪಾಪ ಎಂಬ ಒಂದು ಪದ ಅಪ್ಪಯ್ಯನಿಗೆ ಸಾಕಾಯಿತು. ಅವರ ಉತ್ತರ ನನಗೆ ಇವತ್ತಿಗೂ ಬಾಯಿಪಾಠ.

"ಹಸಿದವ್ನಿಗೆ ಪಾಪ ಅನ್ಸಿರೂ ಕೈ ನಿಲ್ಲುದಿಲ್ಲ ಹೆಣ್ಣೇ. ಅದಕ್ಕೇ ಉಣ್ಣುಕಿಲ್ಲ ಅಂತ ಹಿರಿಯವ್ರ್ ಮಾಡಿದ್ದೋ ಏನೋ. ಮತ್ತೆ, ನಾ ಅದನ್ನ ಬಿಟ್ಟದ್ದ್ ಕರುಣೆಯಿಂದ ಅಂತ ತಿಳ್ಕಣ್‌ಬೇಡ. ಎಂಜಿನ್ ಬಂತ್, ದೋಣಿಗೆ ಪೇಂಟ್ ಬಂತ್, ಬಿಟ್ಟೆ. ಕರುಣೆ ಬಂದದ್ದ್ ಬಿಟ್ಟ ಮ್ಯಾಲೆ."

ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮಾರನೆಯ ದಿನ ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅಜ್ಜನ ಪಕ್ಕ ಕೂತಳು. ದಾರಿಯಲ್ಲಿ ಒಂದು ಎಕ್ಸಿಟ್‌ನಲ್ಲಿ ಇಳಿದು ಮಿಷಿಗನ್ ಸರೋವರ ನೋಡಿದೆವು. ಅಪ್ಪಯ್ಯ ನೀರು ಮುಕ್ಕಳಿಸಿ, "ಉಪ್ಪೇ ಇಲ್ಲೆ, ಇದೆಂತ ಕಡಲ್!" ಎಂದು ಉಗುಳಿದರು. ಅಶ್ವಿನಿ ಬಿದ್ದು ಬಿದ್ದು ನಕ್ಕಳು. ಅಲ್ಲಿಂದ ಮನೆಯವರೆಗೆ ಇಬ್ಬರೂ ಫುಶ್ಶ್ ಫುಶ್ಶ್ ಎನ್ನುತ್ತಾ ಬಂದರು. ಶಾರದಾ ಕಿವಿ ಮುಚ್ಚಿಕೊಂಡಳು. ನಾನು ಸ್ಟಿಯರಿಂಗ್ ಹಿಡಿದು ಸುಮ್ಮನೆ ಎದುರಿನ ರಸ್ತೆ ನೋಡಿದೆ. ಕಣ್ಣು ಒರೆಸಿಕೊಂಡರೆ ಕನ್ನಡಿಯಲ್ಲಿ ಕಾಣುತ್ತದಲ್ಲ.

ಅಕ್ಟೋಬರಿನಲ್ಲಿ ಎಲೆಗಳೆಲ್ಲ ಕೆಂಪಾದವು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಪ್ಪಯ್ಯ ಪೆಟ್ಟಿಗೆ ಕಟ್ಟುತ್ತಿದ್ದರು. ಶಾಲೆಯಿಂದ ಬಂದ ಅಶ್ವಿನಿ ಬೀರುವಿನ ಹಿಂದಿನಿಂದ ಸುರುಳಿ ತೆಗೆದು, ಕುರ್ಚಿ ಹಾಕಿಕೊಂಡು ಹತ್ತಿ, ಚಿತ್ರವನ್ನು ಮೊದಲಿದ್ದ ಜಾಗದಲ್ಲೇ, ಹಳೆಯ ತೂತುಗಳ ಪಕ್ಕದಲ್ಲಿ ಹೊಸದಾಗಿ ಪಿನ್ನು ಚುಚ್ಚಿ ನಿಲ್ಲಿಸಿದಳು. ಒಂದೇ ರಾತ್ರಿ ಉಳಿದಿತ್ತು. ಅಪ್ಪಯ್ಯ ಅದನ್ನು ನೋಡಿ, "ಬಂತಾ ಮಾರಾಯ್ತಿ ನಿನ್ನ್ ಮೀನ್?" ಎಂದರು.

"ಮೀನಲ್ಲ ಅಜ್ಜಯ್ಯ!" ಎಂದಳು, ಕನ್ನಡದಲ್ಲೇ.

ಅವರು ಹೇಳಿದ ಹಾಗೆಯೇ ಮತ್ತೆ ಬರಲಿಲ್ಲ. 2003ರ ಮಳೆಗಾಲದಲ್ಲಿ ಹೋಗಿಬಿಟ್ಟರು. ಕೊನೆಯವರೆಗೂ ಭಾನುವಾರದ ಫೋನಿನಲ್ಲಿ ಅಜ್ಜ ಮೊಮ್ಮಗಳ ಮಾತು ಶುರುವಾಗುತ್ತಿದ್ದದ್ದು ಫುಶ್ಶ್ ಎಂಬ ಸದ್ದಿನಿಂದ.

ಅಶ್ವಿನಿಗೆ ಈಗ ಇಪ್ಪತ್ತೊಂದು, ಕಾಲೇಜಿನಲ್ಲಿದ್ದಾಳೆ. ಡಾಲ್ಫಿನ್ ಶೋಗೆ ಅವಳು ಮತ್ತೆ ಕಾಲಿಡಲಿಲ್ಲ. ಕಳೆದ ತಿಂಗಳು ಗ್ಯಾರೇಜಿಗೆ ಬಂದವಳು ಲಿಫ್ಟಿನ ಮೇಲಿದ್ದ ಆ ಹಳೆಯ ಕಾರನ್ನು ನೋಡಿ, ಇಂಥ ಗಾಡಿಗಳೇ ಭೂಮಿಯನ್ನು ಹಾಳು ಮಾಡಿದ್ದು ಡ್ಯಾಡ್, ನೀನು ಇದಕ್ಕೆ ಮತ್ತೆ ಜೀವ ಕೊಡುತ್ತಿದ್ದೀಯಲ್ಲ ಎಂದಳು. ನನಗೆ ಕೋಪ ಬಂತು. ಇದರಿಂದಲೇ ನಿನ್ನ ಫೀಸು ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪಯ್ಯ ಕೂರುತ್ತಿದ್ದ ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅವಳು ಹೇಳುವುದು ತಪ್ಪಲ್ಲ. ನಾನು ಮಾಡಿದ್ದೂ ತಪ್ಪಲ್ಲ. ಮಾತು ನಿಲ್ಲಬಾರದು, ಅಷ್ಟೇ. "ಹೌದೇನೋ" ಎಂದೆ. "ಕೂತ್ಕೋ, ಕಾಫಿ ಮಾಡ್ತೀನಿ." ಕೂತಳು. ಅಜ್ಜನ ಪೆಟ್ಟಿಗೆಯ ಮೇಲೆಯೇ ಕೂತಳು.

ಈ ವರ್ಷ ಸುತ್ತಮುತ್ತಲಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನನ್ನ ಕೆಲಸವನ್ನೂ ಯಾವ ಅಟ್ಟಕ್ಕೆ ಹಾಕುವ ಕಾಲ ಬರುತ್ತದೋ ತಿಳಿಯದು. ಬರಲಿ. ಮುಂದೆ ಮೊಮ್ಮಕ್ಕಳು ಕ್ಲಾಸಿಗೆ ಕರೆದರೆ ನಾನೂ ಹೋಗುತ್ತೇನೆ, ಮಾಡಿದ್ದನ್ನು ಮಾಡಿದೆ ಎನ್ನುತ್ತೇನೆ.

ಈಗ ನನ್ನಲ್ಲಿ ಇರುವುದಿಷ್ಟು. ಡೇಲ್ ಬಿಟ್ಟುಕೊಟ್ಟ ಗ್ಯಾರೇಜು, ಅದರಲ್ಲಿ ಎರಡು ಲಿಫ್ಟು, ಒಂದು ಖಾಲಿ. ಸಣ್ಣದೊಂದು ಮನೆ. ಒಬ್ಬಳು ಹೆಂಡತಿ, ಒಬ್ಬಳು ಮಗಳು. ಅರ್ಧ ಎಂಟನೇ ಕ್ಲಾಸು. ಕಪಾಟಿನಲ್ಲಿ ವಾಸನೆ ಬಾರದ ಎಣ್ಣೆಯ ಒಂದು ಡಬ್ಬಿ. ಗೋಡೆಯ ಮೇಲೆ ಒಂದು ತಿಮಿಂಗಿಲದ ಚಿತ್ರ, ನಾಲ್ಕು ಮೂಲೆಯಲ್ಲೂ ಎರಡೆರಡು ಪಿನ್ನಿನ ತೂತು.